ಜಗತ್ತಿಗೆಲ್ಲ ಗೊತ್ತಿದ್ದ ತೀರ್ಪು, ಮೆಲ್ಬರ್ನ್‌ನಲ್ಲಿ ಅಚ್ಚಾಗಬಾರದಿದ್ದ ಸುದ್ದಿ: ಜಾರ್ಜ್ ಪೆಲ್ ಪ್ರಕರಣ

2018ರ ಡಿಸೆಂಬರ್ 11. ಮೆಲ್ಬರ್ನ್‌ನ ಕೌಂಟಿ ಕೋರ್ಟ್‌ನಲ್ಲಿ ಜ್ಯೂರಿ ತೀರ್ಪು ಹೇಳಿತು. ಐದು ಆರೋಪಗಳಿದ್ದವು, ಐದಕ್ಕೂ ಒಂದೇ ಉತ್ತರ: ದೋಷಿ. ಕಟಕಟೆಯಲ್ಲಿದ್ದವರು ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಕಾರ್ಡಿನಲ್ ಜಾರ್ಜ್ ಪೆಲ್. ಮೊದಲು ಮೆಲ್ಬರ್ನ್‌ನ, ಆಮೇಲೆ ಸಿಡ್ನಿಯ ಆರ್ಚ್‌ಬಿಷಪ್ ಆಗಿದ್ದವರು. 2014ರಲ್ಲಿ ವ್ಯಾಟಿಕನ್‌ನ ಹಣಕಾಸು ವ್ಯವಹಾರಕ್ಕೆ ಮುಖ್ಯಸ್ಥರಾಗಿ ರೋಮ್‌ಗೆ ಹೋದವರು. 1990ರ ದಶಕದಲ್ಲಿ ಮೆಲ್ಬರ್ನ್‌ನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ ಇಬ್ಬರು ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರು ಅನ್ನುವುದು ಆರೋಪ.

ಕೋರ್ಟ್ ಹಾಲ್‌ನಲ್ಲಿ ಪತ್ರಕರ್ತರಿದ್ದರು. ವಾರಗಟ್ಟಲೆ ಕೂತು, ಸಾಕ್ಷಿ ಕೇಳಿ, ನೋಟ್‌ಬುಕ್ ತುಂಬಿಸಿಕೊಂಡವರು. ಅಷ್ಟು ದೊಡ್ಡ ಸುದ್ದಿ ಕಣ್ಣೆದುರೇ ಹುಟ್ಟಿದರೂ ಅವರಲ್ಲಿ ಯಾರೂ ಒಂದು ಸಾಲು ಪ್ರಕಟಿಸುವ ಹಾಗಿರಲಿಲ್ಲ. ತೀರ್ಪನ್ನಷ್ಟೇ ಅಲ್ಲ, ವಿಚಾರಣೆ ನಡೆಯುತ್ತಿತ್ತು ಅನ್ನುವುದನ್ನೂ ಹೇಳುವಂತಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಮುಖ್ಯ ನ್ಯಾಯಾಧೀಶ ಪೀಟರ್ ಕಿಡ್ ಪ್ರಕಟಣೆ ನಿಷೇಧದ ಆದೇಶ ಹೊರಡಿಸಿದ್ದರು. ಆದೇಶ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತಿತ್ತು. ಜೊತೆಗೆ, ಆಸ್ಟ್ರೇಲಿಯಾದ ಒಳಗೆ ತೆರೆದು ನೋಡಬಹುದಾದ ಯಾವುದೇ ವೆಬ್‌ಸೈಟಿಗೂ ಅನ್ವಯ ಅಂತ ಬರೆದಿತ್ತು. ಹಾಗೆ ಓದಿಕೊಂಡರೆ ಪ್ರಪಂಚದ ಹೆಚ್ಚುಕಡಿಮೆ ಎಲ್ಲ ವೆಬ್‌ಸೈಟೂ ಬಂತು, ಅಲ್ವಾ?

ಮುಂದೇನಾಯಿತು ಅಂತ ಊಹಿಸುವುದು ಕಷ್ಟವಲ್ಲ. ಅಮೆರಿಕದ ಡೈಲಿ ಬೀಸ್ಟ್ ಅನ್ನುವ ಸುದ್ದಿ ತಾಣ ತೀರ್ಪನ್ನು ಹೆಸರು ಸಮೇತ ಹಾಕಿತು. ವಾಷಿಂಗ್ಟನ್ ಪೋಸ್ಟ್ ಕೂಡ ಹಾಕಿತು. ಟ್ವಿಟರ್‌ನಲ್ಲಿ ಹರಿದಾಡಿತು. ಡಿಸೆಂಬರ್ 12ಕ್ಕೆ ವ್ಯಾಟಿಕನ್, ಪೋಪ್‌ಗೆ ಸಲಹೆ ಕೊಡುವ ಕಾರ್ಡಿನಲ್‌ಗಳ ಮಂಡಳಿಯಲ್ಲಿ ಪೆಲ್ ಇನ್ನು ಇಲ್ಲ ಅಂತ ಪ್ರಕಟಿಸಿತು. ಹೀಗೆ ಒಂದೆರಡು ದಿನದಲ್ಲಿ, ಫೋನ್ ಕೈಯಲ್ಲಿದ್ದು ಕುತೂಹಲವೂ ಇದ್ದ ಆಸ್ಟ್ರೇಲಿಯನ್ನರಿಗೆ ವಿಷಯ ಗೊತ್ತಾಗಿಹೋಗಿತ್ತು.

ಈ ಅಧ್ಯಯನದ ಪ್ರಶ್ನೆ ಇಲ್ಲಿಂದ ಶುರು. ಗುಟ್ಟು ಆಗಲೇ ಹೊರಬಿದ್ದಿದೆ. ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ. ಇಂಥ ಹೊತ್ತಿನಲ್ಲಿ ನೀವು ಮೆಲ್ಬರ್ನ್‌ನಲ್ಲಿ ಒಂದು ಪತ್ರಿಕೆಯ ಸಂಪಾದಕರು ಅಂದುಕೊಳ್ಳಿ. ಕಾನೂನು ಬೇಡ ಅನ್ನುತ್ತದೆ. ಓದುಗರು "ನಿಮಗೆ ಗೊತ್ತಿಲ್ವಾ, ಯಾಕೆ ಸುಮ್ನಿದ್ದೀರಿ?" ಅನ್ನುತ್ತಾರೆ. ಮರುಪ್ರಕಟಿಸಿದರೆ ತಪ್ಪೇ?

ಬೀಗ ಯಾಕೆ ಹಾಕಿದ್ದರು

ಮೊದಲು ಆದೇಶದ ಕಾರಣ ನೋಡೋಣ. ಇಂಥ ಚರ್ಚೆಗಳಲ್ಲಿ ಜನ ಸಾಮಾನ್ಯವಾಗಿ ದಾಟಿಸಿಬಿಡುವ ಭಾಗ ಇದು. ಪೆಲ್ ಮೇಲಿನ ಆರೋಪಗಳನ್ನು ಎರಡು ವಿಚಾರಣೆಗಳಾಗಿ ಒಡೆದಿದ್ದರು. ಒಂದು ಕೆಥೆಡ್ರಲ್‌ಗೆ ಸಂಬಂಧಿಸಿದ್ದು. ಇನ್ನೊಂದು 1970ರ ದಶಕದಲ್ಲಿ ಬಲ್ಲಾರಟ್ ಊರಿನ ಈಜುಕೊಳದಲ್ಲಿ ನಡೆದದ್ದು ಅನ್ನಲಾದ ಘಟನೆಗಳಿಗೆ ಸಂಬಂಧಿಸಿದ್ದು. ಎರಡೂ ಬೇರೆ ಬೇರೆ ಜ್ಯೂರಿಯ ಮುಂದೆ. ಮೊದಲನೆಯದರ ತೀರ್ಪು ಹೊರಬಂದರೆ ಎರಡನೆಯದರ ಜ್ಯೂರಿ "ಓ, ಆಗಲೇ ಒಮ್ಮೆ ಸಾಬೀತಾಗಿದೆ" ಅನ್ನುವ ಮನಸ್ಸಿನಲ್ಲೇ ಬಂದು ಕೂರುತ್ತಾರೆ ಅನ್ನುವುದು ಭಯ. ಅದಕ್ಕೇ ಎರಡನೆಯದು ಮುಗಿಯುವವರೆಗೆ ಮೊದಲನೆಯದು ಹೊರಗೆ ಬರಬಾರದು ಅಂದರು.

ನಮ್ಮಲ್ಲಿ ಈಗ ಕ್ರಿಮಿನಲ್ ಕೋರ್ಟ್‌ಗಳಲ್ಲಿ ಜ್ಯೂರಿ ಇಲ್ಲ, ಹಾಗಾಗಿ ಈ ಭಯದ ತೂಕ ನಮಗೆ ಒಮ್ಮೆಲೇ ಗೊತ್ತಾಗುವುದಿಲ್ಲ. ಅಲ್ಲಿ ತೀರ್ಪು ಹೇಳುವವರು ತರಬೇತಾದ ನ್ಯಾಯಾಧೀಶರಲ್ಲ. ಬಸ್ ಓಡಿಸುವವರು, ಶಾಲೆಯಲ್ಲಿ ಪಾಠ ಹೇಳುವವರು, ಅಂಗಡಿ ನಡೆಸುವವರು. ಮತದಾರರ ಪಟ್ಟಿಯಿಂದ ಎತ್ತಿದ ಜನ. ಜ್ಯೂರಿ ಬೇಡ, ನ್ಯಾಯಾಧೀಶರೇ ತೀರ್ಪು ಹೇಳಲಿ ಅಂತ ಆರೋಪಿ ಕೇಳಿಕೊಳ್ಳುವ ಅವಕಾಶ ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಆಗ ಇರಲಿಲ್ಲ. ಅಂದರೆ ಪೆಲ್ ಅವರ ಎರಡನೇ ವಿಚಾರಣೆ ಏನೇ ಆದರೂ ಜನಸಾಮಾನ್ಯರ ಮುಂದೆಯೇ ನಡೆಯಬೇಕಿತ್ತು.

ಆ ಜನ ಯಾರು ಅಂತ ಡಿಸೆಂಬರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಆಯ್ಕೆಯೇ ಆಗಿರಲಿಲ್ಲ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ ಅಂತ ನನಗನಿಸುತ್ತದೆ.

"ಎಲ್ಲರಿಗೂ ಗೊತ್ತು" ಅಂದರೆ ಯಾರಿಗೆ?

ಸುದ್ದಿಮನೆಯಲ್ಲಿ ಕೂತವರಿಗೆ ಎಲ್ಲರಿಗೂ ಗೊತ್ತಿದೆ ಅನಿಸುವುದು ಸಹಜ. ಅವರ ಸ್ನೇಹಿತರಿಗೆ ಗೊತ್ತು, ಅವರು ನೋಡುವ ಟ್ವಿಟರ್‌ನಲ್ಲಿ ಅದೇ ಮಾತು, ಬೇರೆ ಪತ್ರಿಕೆಯವರ ಫೋನಿನಲ್ಲೂ ಅದೇ ಮಾತು. ಆದರೆ ಊರಿನಲ್ಲಿ ಸುದ್ದಿ ಓದದವರೇ ಜಾಸ್ತಿ. ಓದಿದವರಲ್ಲೂ ಅರ್ಧಂಬರ್ಧ ಕೇಳಿದವರು, "ಯಾರೋ ದೊಡ್ಡ ಪಾದ್ರಿಯಂತೆ" ಅಂತ ಬಿಟ್ಟವರು ಬೇಕಾದಷ್ಟು. ವಿದೇಶಿ ತಾಣ ಹುಡುಕಿ ಓದುವುದಕ್ಕೂ, ಬೆಳಿಗ್ಗೆ ಪತ್ರಿಕೆ ಅಂಗಡಿಯ ಮುಂದೆ ಹಾದುಹೋಗುವಾಗ ಮುಖಪುಟ ಕಣ್ಣಿಗೆ ಬೀಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಮನಸ್ಸು ಮಾಡಬೇಕು. ಎರಡನೆಯದು ಬೇಡವೆಂದರೂ ಆಗುತ್ತದೆ.

ಆದೇಶ ಕಾಪಾಡಲು ಹೊರಟಿದ್ದು ಆ ಎರಡನೇ ಗುಂಪನ್ನು. ಮುಂದೆ ಜ್ಯೂರಿಗೆ ಬರಬಹುದಾದ, ಆದರೆ ಇನ್ನೂ ಏನೂ ಕೇಳದ ಜನರನ್ನು. "ಲಕ್ಷಾಂತರ ಜನರಿಗೆ ಗೊತ್ತಾಗಿದೆ" ಅನ್ನುವ ವಾದ ಅವರನ್ನು ಮುಟ್ಟುವುದೇ ಇಲ್ಲ. ಎಷ್ಟು ಜನರಿಗೆ ಗೊತ್ತು ಅಂತ ಲೆಕ್ಕ ಹಾಕುವುದಕ್ಕಿಂತ ಮೊದಲು, ನನ್ನ ಮೂಲಕ ಹೊಸದಾಗಿ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಿಕೊಳ್ಳಬೇಕು. ಮೆಲ್ಬರ್ನ್‌ನ ಪತ್ರಿಕೆ ಓದುವವರು ಮೆಲ್ಬರ್ನ್‌ನವರು. ಜ್ಯೂರಿ ಬರುವುದೂ ಅಲ್ಲಿಂದಲೇ. ನ್ಯೂಯಾರ್ಕಿನ ತಾಣವೊಂದು ಮಾಡುವ ಹಾನಿಗಿಂತ ಊರಿನ ಪತ್ರಿಕೆ ಮಾಡುವ ಹಾನಿ ದೊಡ್ಡದು. ಸುದ್ದಿ ಹಳೆಯದಾಗಿದ್ದರೂ ಅಷ್ಟೇ.

ಇದನ್ನು ಅರ್ಥಮಾಡಿಕೊಂಡವರು ಇದ್ದರು. ನ್ಯೂಯಾರ್ಕ್ ಟೈಮ್ಸ್ ಅಮೆರಿಕದ ಅಚ್ಚು ಪತ್ರಿಕೆಯಲ್ಲಿ ಮಾತ್ರ ಸುದ್ದಿ ಹಾಕಿತು, ತನ್ನ ವೆಬ್‌ಸೈಟಿನಲ್ಲಿ ಹಾಕಲಿಲ್ಲ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಕಚೇರಿ ಇತ್ತು, ಅಲ್ಲಿಯವರು ಕೋರ್ಟ್ ಹತ್ತಬೇಕಾಗುತ್ತಿತ್ತು. ಡೈಲಿ ಬೀಸ್ಟ್ ಆಸ್ಟ್ರೇಲಿಯಾದ ಓದುಗರಿಗೆ ಆ ಪುಟ ತೆರೆಯದ ಹಾಗೆ ತಡೆ ಹಾಕಿತು. ಇಂಥ ತಡೆ ದಾಟುವುದು ದೊಡ್ಡ ವಿದ್ಯೆಯಲ್ಲ, ನಿಜ. ಆದರೆ ದಾಟುವವನು ಬೇಕೆಂದೇ ದಾಟುತ್ತಾನೆ. ಬೇಡವೆಂದವನ ಮುಂದೆ ಅದು ಬಂದು ಬೀಳುವುದಿಲ್ಲ.

ಕಪ್ಪು ಮುಖಪುಟ

ಈಗ ಆಸ್ಟ್ರೇಲಿಯಾದ ಪತ್ರಿಕೆಗಳು ಮಾಡಿದ್ದೇನು ನೋಡಿ. ಆ ವಾರ ಮೆಲ್ಬರ್ನ್‌ನ ಹೆರಾಲ್ಡ್ ಸನ್ ಪತ್ರಿಕೆಯ ಮುಖಪುಟ ಪೂರ್ತಿ ಕಪ್ಪು. ಅದರ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಒಂದೇ ಪದ: "ಸೆನ್ಸಾರ್ಡ್". ಕೆಳಗೆ ಒಂದಿಷ್ಟು ಸಾಲು. ಜಗತ್ತು ಒಂದು ಮಹತ್ವದ ಸುದ್ದಿ ಓದುತ್ತಿದೆ, ನಾವು ಹೇಳುವಂತಿಲ್ಲ, ಆದರೆ ನಂಬಿ, ಅದನ್ನು ಓದುವ ಹಕ್ಕು ನಿಮಗಿದೆ, ಇದು ಅದರ ತಾತ್ಪರ್ಯ. ಸಿಡ್ನಿಯ ಡೈಲಿ ಟೆಲಿಗ್ರಾಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಸಿದ್ಧ ಆಸ್ಟ್ರೇಲಿಯನ್ ಒಬ್ಬರು ಘೋರ ಅಪರಾಧದಲ್ಲಿ ದೋಷಿ ಎಂದು ತೀರ್ಪಾಗಿದೆ ಎಂದೇ ಬರೆಯಿತು. ಮೆಲ್ಬರ್ನ್‌ನ ದಿ ಏಜ್, ಆನ್‌ಲೈನ್‌ನಲ್ಲಿ ಭಾರೀ ಕುತೂಹಲ ಹುಟ್ಟಿಸಿರುವ ಪ್ರಕರಣವೊಂದನ್ನು ಮಾಧ್ಯಮಗಳು ಯಾಕೆ ವರದಿ ಮಾಡುವಂತಿಲ್ಲ ಅನ್ನುವುದನ್ನೇ ವರದಿ ಮಾಡಿತು.

ಯಾರೂ ಹೆಸರು ಹಾಕಲಿಲ್ಲ. ಆರೋಪ ಏನು ಅಂತಲೂ ಬಿಡಿಸಿ ಹೇಳಲಿಲ್ಲ.

ಇದನ್ನು ಧೈರ್ಯದ ಪತ್ರಿಕೋದ್ಯಮ ಅಂತ ಹೊಗಳಿದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೆಸರು ಹೇಳದೆ "ಹುಡುಕಿದರೆ ಸಿಗುತ್ತದೆ" ಅಂತ ಸೂಚಿಸುವುದು ಎರಡೂ ಕಡೆಯಿಂದ ಸೋಲು. ಓದುಗನಿಗೆ ಸುದ್ದಿ ಕೊಡಲಿಲ್ಲ. ಸಾಕ್ಷಿ ಏನು, ವಾದ ಏನು, ಕೆಥೆಡ್ರಲ್ ಪ್ರಕರಣದಲ್ಲೇ ಮೊದಲ ಜ್ಯೂರಿ ಒಮ್ಮತಕ್ಕೆ ಬರದೆ ಮತ್ತೆ ವಿಚಾರಣೆ ನಡೆಸಬೇಕಾಯಿತು ಅನ್ನುವುದು, ಯಾವುದೂ ಅವನಿಗೆ ತಲುಪಲಿಲ್ಲ. ಅತ್ತ ಆದೇಶ ಕಾಪಾಡಬೇಕಾಗಿದ್ದ ಜನರನ್ನೂ ಕಾಪಾಡಲಿಲ್ಲ. ಏನೂ ಗೊತ್ತಿಲ್ಲದೆ ಪತ್ರಿಕೆ ಕೊಂಡವನೂ ಈಗ ಫೋನ್ ತೆಗೆದು ಹುಡುಕುತ್ತಾನೆ. ಗೋಡೆಗೆ ತೂತು ಕೊರೆದು "ಇಲ್ಲಿ ಇಣುಕಬೇಡಿ" ಅಂತ ಬೋರ್ಡ್ ಹಾಕಿದ ಹಾಗೆ.

ನೇರವಾಗಿ ಹೆಸರು ಹಾಕಿ, "ಈ ಆದೇಶ ತಪ್ಪು ಅಂತ ನಮ್ಮ ನಂಬಿಕೆ, ಶಿಕ್ಷೆ ಅನುಭವಿಸಲು ಸಿದ್ಧ" ಅಂದಿದ್ದರೆ ಅದೊಂದು ನಿಲುವು. ಒಪ್ಪಬಹುದು, ಬಿಡಬಹುದು. ಆದೇಶ ಬದಲಿಸಿ ಅಂತ ಕೋರ್ಟ್‌ಗೇ ಹೋಗುವ ದಾರಿಯೂ ಇತ್ತು. ಸುಳಿವು ಕೊಟ್ಟು ಕೈ ತೊಳೆದುಕೊಳ್ಳುವುದರಲ್ಲಿ ಇವೆರಡರ ಪ್ರಾಮಾಣಿಕತೆಯೂ ಇಲ್ಲ.

ನ್ಯಾಯಾಧೀಶ ಕಿಡ್ ಅವರಿಗೆ ಸಿಟ್ಟು ಬಂದಿತ್ತು. ಅದೇ ವಾರ ಕೋರ್ಟ್‌ನಲ್ಲಿ, ಮಾಧ್ಯಮದ ದೊಡ್ಡ ದೊಡ್ಡವರು ಜೈಲಿಗೂ ಹೋಗಬೇಕಾದೀತು ಅನ್ನುವ ಅರ್ಥದ ಎಚ್ಚರಿಕೆ ಕೊಟ್ಟರು. 2019ರಲ್ಲಿ 30ಕ್ಕೂ ಹೆಚ್ಚು ಪತ್ರಕರ್ತರು ಮತ್ತು ಸಂಸ್ಥೆಗಳ ಮೇಲೆ ನ್ಯಾಯಾಂಗ ನಿಂದನೆಯ ಮೊಕದ್ದಮೆ ಬಿತ್ತು. ಅದು ಎಳೆದಾಡಿ 2021ರ ಫೆಬ್ರವರಿಯಲ್ಲಿ 12 ಮಾಧ್ಯಮ ಸಂಸ್ಥೆಗಳು 21 ಆರೋಪಗಳಲ್ಲಿ ತಪ್ಪೊಪ್ಪಿಕೊಂಡವು. ಪತ್ರಕರ್ತರ ಮೇಲೆ ಉಳಿದಿದ್ದ ಆರೋಪಗಳನ್ನು ಕೈಬಿಟ್ಟರು. ಜೂನ್‌ನಲ್ಲಿ ನ್ಯಾಯಮೂರ್ತಿ ಜಾನ್ ಡಿಕ್ಸನ್ ಒಟ್ಟು 11 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟುವಷ್ಟು ದಂಡ ಹಾಕಿದರು. ಅದರಲ್ಲಿ ದಿ ಏಜ್ ಪಾಲು 4,50,000 ಡಾಲರ್. ನ್ಯೂಸ್ ಡಾಟ್ ಕಾಮ್ ಡಾಟ್ ಎಯು ಅನ್ನುವ ಸುದ್ದಿ ತಾಣ ನಡೆಸುವ ಸಂಸ್ಥೆಯ ಪಾಲು 4,00,000. ಆರೋಪಿಯ ನ್ಯಾಯವಾದ ವಿಚಾರಣೆ, ಜನರ ತಿಳಿಯುವ ಹಕ್ಕು, ಇವೆರಡರ ನಡುವೆ ತೂಕ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕೋರ್ಟ್‌ಗೆ ಬಿಡದೆ ತಾವೇ ತೀರ್ಮಾನಿಸಿದರು ಅನ್ನುವುದು ನ್ಯಾಯಮೂರ್ತಿಗಳ ಮುಖ್ಯ ಆಕ್ಷೇಪ. ಹೆಸರು ಹಾಕಿದ ವಿದೇಶಿ ಸಂಸ್ಥೆಗಳಲ್ಲಿ ಯಾರೂ ದಂಡ ಕಟ್ಟಲಿಲ್ಲ. ಹೆಸರು ಹಾಕದ ಊರಿನವರು ಕಟ್ಟಿದರು. ಪತ್ರಿಕೆಗಳ ದೂರಿನಲ್ಲಿ ಹುರುಳಿರುವ ಜಾಗ ಇದು.

ದೂರು ಇಷ್ಟಕ್ಕೇ ಮುಗಿಯುವುದಿಲ್ಲ. ಇಂಥ ಆದೇಶಗಳನ್ನು ಸುಲಭವಾಗಿ ಕೊಟ್ಟುಬಿಡುವ ರಾಜ್ಯ ಅಂತ ವಿಕ್ಟೋರಿಯಾಕ್ಕೆ ಮೊದಲಿಂದಲೂ ಹೆಸರು. ನಿವೃತ್ತ ನ್ಯಾಯಮೂರ್ತಿ ಫ್ರಾಂಕ್ ವಿನ್ಸೆಂಟ್ ಅವರಿಂದ ಸರ್ಕಾರವೇ ಈ ಕಾನೂನಿನ ಪರಿಶೀಲನೆ ಮಾಡಿಸಿತ್ತು. ಬೇಕಾಬಿಟ್ಟಿ ಬೀಗ ಹಾಕುವ ಕೋರ್ಟ್‌ನ ಬೀಗಕ್ಕೆ ಬೆಲೆ ಕಡಿಮೆ. ಅದು ನಿಜ. ಆದರೆ ಈ ಆದೇಶಕ್ಕೆ ಕಾರಣವೂ ಇತ್ತು, ಕೊನೆಯೂ ಇತ್ತು. ಎರಡನೇ ವಿಚಾರಣೆ ಮುಗಿದ ದಿನ ಅದೂ ಮುಗಿಯುತ್ತಿತ್ತು.

ಬೀಗಗಳು ಒಂದೇ ತರದವಲ್ಲ

"ಆಗಲೇ ಗೊತ್ತಿದೆ" ಅನ್ನುವ ವಾದ ಗೆದ್ದ ಪ್ರಕರಣಗಳೂ ಇವೆ. ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ5ನ ಮಾಜಿ ಅಧಿಕಾರಿ ಪೀಟರ್ ರೈಟ್ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದರು. ಸರ್ಕಾರ ತಡೆಯಲು ಹೊರಟಿತು. 1987ರಲ್ಲಿ ಪುಸ್ತಕ ಅಮೆರಿಕದಲ್ಲಿ ಬಂತು, ಬ್ರಿಟನ್ನಿಗೂ ಜನ ಸೂಟ್‌ಕೇಸಿನಲ್ಲಿ ತಂದರು. 1988ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಪತ್ರಿಕೆಗಳ ಮೇಲಿನ ತಡೆ ಮುಂದುವರಿಸಲು ಒಪ್ಪಲಿಲ್ಲ. ಗುಟ್ಟು ಜಗತ್ತಿಗೇ ಗೊತ್ತಾದ ಮೇಲೆ ಕಾಪಾಡಲು ಉಳಿದಿದ್ದೇನು? ಸರಿಯಾದ ಮಾತು. ಶತ್ರು ದೇಶಕ್ಕೆ ಒಮ್ಮೆ ಗೊತ್ತಾದರೆ ಗೊತ್ತಾಯಿತು. ಎರಡನೇ ಸಲ ಅಚ್ಚು ಹಾಕಿದರೆ ಹಾನಿ ಹೆಚ್ಚುವುದಿಲ್ಲ.

ಅದೇ ಬ್ರಿಟನ್ನಿನಲ್ಲಿ 2016ರಲ್ಲಿ ಖಾಸಗಿ ಬದುಕಿನ ಪ್ರಕರಣವೊಂದು ಸುಪ್ರೀಂ ಕೋರ್ಟ್‌ಗೆ ಬಂತು. ಪಿಜೆಎಸ್ ಅನ್ನುವ ಅಕ್ಷರಗಳಿಂದಷ್ಟೇ ಗುರುತಿಸುವ ವ್ಯಕ್ತಿ, ಮನೆಯಲ್ಲಿ ಚಿಕ್ಕ ಮಕ್ಕಳು. ಅಮೆರಿಕದಲ್ಲಿ, ಸ್ಕಾಟ್ಲೆಂಡಿನಲ್ಲಿ, ಇಂಟರ್ನೆಟ್ಟಿನಲ್ಲಿ ಹೆಸರು ಆಗಲೇ ಬಂದಿತ್ತು. ಆದರೂ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತಡೆ ಉಳಿಸಿದರು. ಖಾಸಗಿತನಕ್ಕೆ ಆಗುವ ಗಾಯ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಪ್ರತಿ ಮುಖಪುಟಕ್ಕೂ ಮತ್ತೆ ಆಗುತ್ತದೆ ಅನ್ನುವುದು ತರ್ಕ. ನಮ್ಮ ದೇಶದ ನೆನಪೂ ದೂರದ್ದಲ್ಲ. 2018ರ ಏಪ್ರಿಲ್‌ನಲ್ಲಿ, ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಬಾಲಕಿಯ ಗುರುತು ಪ್ರಕಟಿಸಿದ 12 ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿ ಅಂದಿತು. ಆ ಹೊತ್ತಿಗೆ ಆ ಹೆಸರು ಪ್ರತಿಭಟನೆಯ ಫಲಕಗಳಲ್ಲೇ ಇತ್ತು.

ಪೆಲ್ ಪ್ರಕರಣ ಈ ಎರಡರ ನಡುವೆ ಬರುತ್ತದೆ. ಹಾನಿ ಒಂದೇ ಏಟಿಗೆ ಮುಗಿಯುವಂಥದ್ದೂ ಅಲ್ಲ, ಎಂದೆಂದಿಗೂ ಉಳಿಯುವಂಥದ್ದೂ ಅಲ್ಲ. ಹೊಸದಾಗಿ ಕೇಳುವ ಒಬ್ಬೊಬ್ಬರಿಂದಲೂ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಹಾಗಾಗಿ ಮರುಪ್ರಕಟಣೆ ಮಾಡುವವನು "ಇದರಲ್ಲಿ ನನ್ನ ಪಾಲೇನೂ ಇಲ್ಲ" ಅನ್ನುವ ಹಾಗಿಲ್ಲ.

ಕುತೂಹಲದ ವಿಷಯ ಅಂದರೆ, ಈ ಪ್ರಕರಣದ ಒಳಗೇ ಇನ್ನೊಂದು ಬೀಗವೂ ಇತ್ತು. ದೂರು ಕೊಟ್ಟ ವ್ಯಕ್ತಿಯ ಹೆಸರು. ಲೈಂಗಿಕ ಅಪರಾಧದ ದೂರುದಾರರ ಗುರುತು ಪ್ರಕಟಿಸುವುದನ್ನು ವಿಕ್ಟೋರಿಯಾದ ಕಾನೂನು ನಿಷೇಧಿಸುತ್ತದೆ. ಇದಕ್ಕೆ ವಿಚಾರಣೆ ಮುಗಿಯುವ ತಾರೀಖಿನ ಗಡುವಿಲ್ಲ. ಕೋರ್ಟ್‌ನಲ್ಲಿ ಕೂತ ಪತ್ರಕರ್ತರಿಗೆ ಆ ಹೆಸರೂ ಗೊತ್ತಿತ್ತು. ಅದಕ್ಕಾಗಿ ಯಾವ ಪತ್ರಿಕೆಯೂ ಮುಖಪುಟ ಕಪ್ಪು ಮಾಡಲಿಲ್ಲ. ಓದುಗರಿಗೆ ತಿಳಿಯುವ ಹಕ್ಕಿದೆ ಅಂತ ಯಾರೂ ಕೂಗಲಿಲ್ಲ. ಅಂದರೆ ಗೊತ್ತಿದ್ದೂ ಬರೆಯದೆ ಇರುವುದು ಸುದ್ದಿಮನೆಗೆ ಹೊಸದೇನಲ್ಲ. ಯಾರಿಗಾಗಿ ಸುಮ್ಮನಿರುತ್ತೇವೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಮುಖವಿರುವ ಸಂತ್ರಸ್ತನಿಗಾಗಿ ಸುಮ್ಮನಿರುವುದು ಸುಲಭ. ಇನ್ನೂ ಆಯ್ಕೆಯಾಗದ ಜ್ಯೂರಿಗಾಗಿ, ಅದಕ್ಕಿಂತ ಹೆಚ್ಚಾಗಿ ಜನರಿಗೆ ಇಷ್ಟವಿಲ್ಲದ ಆರೋಪಿಗಾಗಿ, ಸುಮ್ಮನಿರುವುದು ಕಷ್ಟ.

ಆಮೇಲೆ ಆದದ್ದು

2020ರ ಏಪ್ರಿಲ್ 7ರಂದು ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಏಳೂ ನ್ಯಾಯಮೂರ್ತಿಗಳ ಒಮ್ಮತದಿಂದ ಪೆಲ್ ಅವರನ್ನು ಖುಲಾಸೆ ಮಾಡಿತು. ಎಲ್ಲ ಸಾಕ್ಷ್ಯವನ್ನೂ ಒಟ್ಟಿಗೆ ನೋಡಿದ್ದರೆ ಜ್ಯೂರಿಗೆ ಸಂಶಯ ಬರಲೇಬೇಕಿತ್ತು, ನಿರಪರಾಧಿಗೆ ಶಿಕ್ಷೆಯಾಗಿರುವ ಗಣನೀಯ ಸಾಧ್ಯತೆ ಇದೆ ಅಂದಿತು. ಅಷ್ಟರಲ್ಲಿ ಅವರು ಸುಮಾರು 13 ತಿಂಗಳು ಜೈಲಿನಲ್ಲಿ ಕಳೆದಿದ್ದರು. 2023ರ ಜನವರಿಯಲ್ಲಿ ತೀರಿಕೊಂಡರು.

ಇದನ್ನು ಹಿಡಿದುಕೊಂಡು "ನೋಡಿ, ಆದೇಶ ಸರಿಯಿತ್ತು" ಅನ್ನುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಆದೇಶ ಇದ್ದದ್ದು ಎರಡನೇ ವಿಚಾರಣೆಯ ಜ್ಯೂರಿಗಾಗಿ, ಮೇಲ್ಮನವಿಯ ಫಲಿತಾಂಶಕ್ಕಾಗಿ ಅಲ್ಲ. ಖುಲಾಸೆ ಆಗದಿದ್ದರೂ ಆದೇಶದ ತರ್ಕ ಅದೇ ಇರುತ್ತಿತ್ತು. ಆದರೆ ಖುಲಾಸೆ ಇನ್ನೊಂದು ವಿಷಯ ತೋರಿಸುತ್ತದೆ. ಡಿಸೆಂಬರ್‌ನಲ್ಲಿ "ಎಲ್ಲರಿಗೂ ಗೊತ್ತಿದ್ದ"ದ್ದು ಒಂದು ಹಂತದ ತೀರ್ಪು ಮಾತ್ರ. ಎಲ್ಲರಿಗೂ ಗೊತ್ತಿದೆ ಅನ್ನುವುದು ವಿಷಯವನ್ನು ಇನ್ನಷ್ಟು ನಿಜ ಮಾಡುವುದಿಲ್ಲ, ಮುಗಿಸುವುದೂ ಇಲ್ಲ.

ಕಾಯುವುದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ತನಿಖೆ ನಡೆಸಿದ ರಾಯಲ್ ಕಮಿಷನ್ ಅನ್ನುವ ಸರ್ಕಾರಿ ಆಯೋಗ 2017ರಲ್ಲಿ ವರದಿ ಕೊಟ್ಟಾಗ, ಪೆಲ್ ಬಗೆಗಿನ ಭಾಗಗಳನ್ನು ಇದೇ ವಿಚಾರಣೆಗಳ ಕಾರಣಕ್ಕೆ ಮುಚ್ಚಿಟ್ಟಿದ್ದರು. ಅವು ಹೊರಬಂದದ್ದು 2020ರ ಮೇ ತಿಂಗಳಲ್ಲಿ. ಪಾದ್ರಿಗಳು ಮಕ್ಕಳ ಮೇಲೆ ದೌರ್ಜನ್ಯ ನಡೆಸುತ್ತಿದ್ದುದು 1970ರ ದಶಕದಲ್ಲೇ ಪೆಲ್ ಅವರ ಅರಿವಿಗೆ ಬಂದಿತ್ತು ಅನ್ನುವುದು ಆ ಪುಟಗಳಲ್ಲಿದ್ದ ಕಮಿಷನ್ನಿನ ತೀರ್ಮಾನ. ಪೆಲ್ ಅದನ್ನು ಒಪ್ಪಲಿಲ್ಲ. ಆ ಪಾದ್ರಿಗಳಿಂದ ನೊಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಪುಟಗಳಿಗಾಗಿ ಕಾದರು. ಆ ಕಾಯುವಿಕೆಯನ್ನು "ಸ್ವಲ್ಪ ತಾಳ್ಮೆ ಇರಲಿ" ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ತೀರ್ಪಿನ ಸುದ್ದಿಗೆ ಮಾತ್ರ ಅಷ್ಟು ಕಾಯಬೇಕಾಗಲಿಲ್ಲ. ಈಜುಕೊಳದ ಪ್ರಕರಣದಲ್ಲಿ ಮುಖ್ಯ ಸಾಕ್ಷ್ಯವನ್ನು ಕೋರ್ಟ್ ಒಪ್ಪದೆ ಹೋದಾಗ ಸರ್ಕಾರಿ ವಕೀಲರು ಆ ಮೊಕದ್ದಮೆ ಕೈಬಿಟ್ಟರು. 2019ರ ಫೆಬ್ರವರಿ 26ರಂದು ಆದೇಶ ತೆರವಾಯಿತು. ಡಿಸೆಂಬರ್‌ನಲ್ಲಿ ವಿದೇಶಿ ತಾಣಗಳು ಕೊಟ್ಟದ್ದು ತೀರ್ಪು, ಹೆಸರು, ಮತ್ತೊಂದಿಷ್ಟು ವಿವರ. ಈಗ ಮೆಲ್ಬರ್ನ್‌ನ ವರದಿಗಾರರು ಇಡೀ ವಿಚಾರಣೆಯನ್ನೇ ಮುಂದಿಟ್ಟರು. ಭಾನುವಾರದ ಪೂಜೆ ಮುಗಿದ ಮೇಲೆ ಮೆರವಣಿಗೆ ಯಾವ ಕಡೆಯಿಂದ ಹೋಗುತ್ತಿತ್ತು, ಪೂಜೆಯ ಉಡುಪು ಬದಲಿಸುವ ಕೋಣೆಯಲ್ಲಿ ಯಾರು ಯಾವಾಗ ಇರುತ್ತಿದ್ದರು, ಆ ಭಾರದ ನಿಲುವಂಗಿಯನ್ನು ಪಕ್ಕಕ್ಕೆ ಸರಿಸಲು ಆಗುತ್ತಿತ್ತೇ ಅನ್ನುವವರೆಗೆ. ಹೈಕೋರ್ಟ್‌ವರೆಗೂ ಜಗಳ ನಡೆದದ್ದು ಬಹುಪಾಲು ಇದೇ ವಿವರಗಳ ಮೇಲೆ.